ಬಾಳೆಬುಡದ ನುಸಿ

ರಂಗಂಪೇಟೆಯ ನಮ್ಮ ಓಣಿಯಲ್ಲಿ ಸಂಜೆಯ ಕಟ್ಟೆ ಅವ್ವನದು. ಬಿಸಿಲು ಇಳಿದ ಮೇಲೆ ಆಕೆ ಚಹಾ ಹಿಡಿದು ಕೂತರೆ, ಎಮ್ಮೆ ಸಾಕಿರುವ ಪಕ್ಕದ ಮನೆಯಾಕೆ ಬಂದು ಮಗ್ಗುಲಲ್ಲಿ ಕೂರುತ್ತಾಳೆ. ಚಹಾಕ್ಕೆ ಹಾಲು ಆ ಎಮ್ಮೆಯದೇ. ನಾನು ಶಹಾಪುರ, ಯಾದಗಿರಿ ಸುತ್ತಿ ಪತ್ರಿಕೆಗೆ ಸುದ್ದಿ ಕಳಿಸಿ ಮನೆ ಸೇರುವಷ್ಟರಲ್ಲಿ ಓಣಿಯ ಸುದ್ದಿಯೆಲ್ಲ ಅಲ್ಲಿ ಮುಗಿದಿರುತ್ತದೆ.

ಆ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ನುಸಿ ಬಂತು. ಸೊಳ್ಳೆಯಲ್ಲ, ಅದಕ್ಕಿಂತ ಬಹಳ ಸಣ್ಣದು. ಸೊಳ್ಳೆಪರದೆಯ ಕಣ್ಣಿನಲ್ಲಿ ಸಲೀಸಾಗಿ ತೂರುತ್ತದೆ, ಸದ್ದು ಮಾಡುವುದಿಲ್ಲ. ಕಚ್ಚಿದ ಮೇಲೆ ಗೊತ್ತಾಗುತ್ತದೆ, ಮರುದಿನವೂ ಗೊತ್ತಾಗುತ್ತಲೇ ಇರುತ್ತದೆ. ಅವ್ವನ ಪಾದದ ಮೇಲೆಲ್ಲ ಕೆಂಪು ಗಂಧೆ ಎದ್ದವು. ಕಟ್ಟೆ ಖಾಲಿಯಾಯಿತು.

"ಎಲ್ಲಾ ಆಕಿ ತಿಪ್ಪಿಂದನ ಬರಾಕತ್ತಾವ," ಎಂದು ಅವ್ವ ತೀರ್ಪು ಕೊಟ್ಟಳು. ನಡುವಿನ ಗೋಡೆ ಎದೆಯೆತ್ತರದ್ದು. ಪಕ್ಕದಾಕೆಯ ತಲೆ ಕೂಡಲೇ ಅದರ ಮೇಲೆ ಕಾಣಿಸಿತು.

"ನನ್ನ ಎಮ್ಮಿ ನುಸಿ ಹಡದೈತೇನ್ರಿ ಯಕ್ಕಾ?"

"ಎಮ್ಮಿ ಹಡದಿಲ್ಲ. ಎಮ್ಮಿ ಹೆಂಡಿ ಹಡದೈತಿ."

"ಹಂಗಾದ್ರ ಎಮ್ಮಿನ ಬ್ಯಾಡ ಬಿಡ್ರಿ. ತಿಂಥಣ್ಯಾಗ ನಮ್ಮ ಅಣ್ಣನ ಮನಿಗಿ ಕಳಸ್ತೀನಿ. ನೀವು ಪುಡಿ ಹಾಲಿನ ಚಹಾ ಕುಡೀರಿ."

ಪುಡಿ ಹಾಲು ಎಂದರೆ ಅವ್ವನಿಗೆ ಬೈಗುಳವಿದ್ದಂತೆ. ಆದರೂ ಆಡಿದ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. ಪಕ್ಕದಾಕೆ ಅಣ್ಣನಿಗೆ ಫೋನ್ ಮಾಡಿದಳು. ಸೋಮವಾರ ಗಾಡಿ ತರುವುದೆಂದು ನಿಕ್ಕಿಯಾಯಿತು. ಎಮ್ಮೆ ಹೋದರೆ ಹಾಲಷ್ಟೇ ಅಲ್ಲ, ಸಂಜೆಯ ಮಾತೂ ಹೋಗುತ್ತಿತ್ತು. ಇದು ಇಬ್ಬರಿಗೂ ಗೊತ್ತಿತ್ತು.

ವನದುರ್ಗದ ಕಡೆ ಕುರಿಗಳ ಕಾಯಿಲೆಯ ಬಗ್ಗೆ ಬರೆಯುವಾಗ ಒಬ್ಬ ಪಶುವೈದ್ಯರ ಪರಿಚಯವಾಗಿತ್ತು. ಅವರನ್ನು ಕೇಳಿದೆ. ಕಚ್ಚುವುದು ಹೆಣ್ಣು ನುಸಿ ಮಾತ್ರವಂತೆ. ಮೊಟ್ಟೆ ಬಲಿಯಲು ಅದಕ್ಕೆ ರಕ್ತ ಬೇಕು. ಗಂಡು ಹೂವಿನ ರಸ ಕುಡಿದುಕೊಂಡು ತನ್ನ ಪಾಡಿಗೆ ಇರುತ್ತದೆ. ನಮ್ಮ ಕಡೆಯ ನುಸಿ ಮೊಟ್ಟೆ ಇಡುವುದು ಹೆಚ್ಚಾಗಿ ಹೆಂಡಿ, ಅಂದರೆ ಸೆಗಣಿ, ಬೆರೆತ ಹಸಿ ಕೆಸರಿನಲ್ಲಿ. ಕೆಸರು ಒಣಗಿದರೆ ಮರಿಹುಳು ಬದುಕುವುದಿಲ್ಲ. ರೆಕ್ಕೆಗೆ ಬಲ ಕಡಿಮೆ, ಗಾಳಿ ಬೀಸಿದರೆ ಹಾರಲಾರದು.

"ಅದಕ್ಕ ಮೊದಲು ಹತ್ರನ ಹುಡುಕ್ರಿ," ಎಂದರು. "ಅಂದಾಜು ಬ್ಯಾಡ. ತೆಳು ಪ್ಲಾಸ್ಟಿಕ್ ಬೋಗುಣಿ ಒಳಗ ಎಣ್ಣಿ ಸವರಿ ನೆಲಕ್ಕ ಬೋರಲು ಹಾಕ್ರಿ. ಒಳಗ ಹುಟ್ಟಿದ ನುಸಿ ಮ್ಯಾಲೆ ಹಾರಿ ಅಂಟಿಕೊಂತಾವ."

ಬೋಗುಣಿ ತಂದೆ. ತಿಪ್ಪೆಗೆ ಇಡು ಎಂದಳು ಅವ್ವ. ಪಕ್ಕದಾಕೆ ತಡೆದಳು.

"ಒಂದ ಕಡಿ ಇಟ್ರ ಅದು ನ್ಯಾಯ ಅಲ್ಲ ತಮ್ಮಾ, ಪಿತೂರಿ. ನಿಮ್ಮ ಬಾಳಿಬುಡಕ್ಕೂ ಒಂದು ಇಡು."

ನನ್ನ ಕೆಲಸದಲ್ಲೂ ಎರಡೂ ಕಡೆ ಕೇಳದೆ ಬರೆಯುವಂತಿಲ್ಲ. ಅಂಥದೇ ಇನ್ನೊಂದು ಬೋಗುಣಿ ತಂದು ಎರಡೂ ಕಡೆ ಬೋರಲು ಹಾಕಿದೆ.

ಹಿತ್ತಲಿನ ಬಾಳೆ ಅವ್ವನ ಹೆಮ್ಮೆ. ಬಚ್ಚಲ ನೀರು ದಿನವಿಡೀ ಅದರ ಬುಡಕ್ಕೇ ಹರಿಯುತ್ತದೆ. ಬೆಳಿಗ್ಗೆ ಅಂಗಳಕ್ಕೆ ಸೆಗಣಿ ನೀರು ಚಿಮುಕಿಸಿದ ಮೇಲೆ ಉಳಿದ ಗಟ್ಟಿಯನ್ನು, ಗೊಬ್ಬರವಾಗಲಿ ಎಂದು, ಅಲ್ಲೇ ಸುರಿಯುವುದು ಆಕೆಯ ರೂಢಿ. ಆ ಸೆಗಣಿ ಬರುವುದು ಪಕ್ಕದ ಕೊಟ್ಟಿಗೆಯಿಂದಲೇ.

ಭಾನುವಾರ ಬೆಳಿಗ್ಗೆ ಇಬ್ಬರನ್ನೂ ಗೋಡೆಯ ಆಚೀಚೆ ನಿಲ್ಲಿಸಿಕೊಂಡು ಬೋಗುಣಿ ಎತ್ತಿದೆ. ತಿಪ್ಪೆಯದರಲ್ಲಿ ಒಂದು ಇರುವೆ ಇತ್ತು. ಕಾರಣ ಎದುರಿಗೇ ಇತ್ತು: ಪಕ್ಕದಾಕೆ ಸೆಗಣಿಯನ್ನು ದಿನವೂ ಕುಳ್ಳು ತಟ್ಟಿ ಗೋಡೆಗೆ ಬಡಿಯುತ್ತಾಳೆ. ತಿಪ್ಪೆಗೆ ಬೀಳುವುದು ಕಸಕಡ್ಡಿ, ಒಲೆಯ ಬೂದಿ. ನುಸಿಗೆ ಬೇಕಾದ ಹಸಿ ಅಲ್ಲಿರಲಿಲ್ಲ.

ಬಾಳೆಬುಡದ ಬೋಗುಣಿಯ ಒಳಮೈ ಕರಿಮೆಣಸಿನ ಪುಡಿ ಉದುರಿಸಿದಂತೆ ಕಂಡಿತು. ಭೂತಗನ್ನಡಿ ಹಿಡಿದರೆ ಒಂದೊಂದು ಚುಕ್ಕೆಗೂ ರೆಕ್ಕೆ, ರೆಕ್ಕೆಯ ಮೇಲೆ ಮಚ್ಚೆ. ಅಲ್ಲಿನ ಒಂದು ಚಿಟಿಕೆ ಕೆಸರನ್ನು ಚಹಾ ಬಸಿಯ ನೀರಿನಲ್ಲಿ ಕದಡಿದೆ. ಬಿಳಿ ದಾರದ ಎಳೆಯಂಥ ಮರಿಹುಳು ಹಾವಿನ ಹಾಗೆ ಹೊರಳುತ್ತ ಈಜಿತು. ಅವ್ವ ಚಷ್ಮಾ ಏರಿಸಿ ಬಹಳ ಹೊತ್ತು ನೋಡಿದಳು.

"ನೀರು ನಮ್ಮದ ಇರಬಹುದು," ಎಂದಳು ಕೊನೆಗೆ. "ಹೆಂಡಿ ಯಾರದು?"

"ಹೆಂಡಿ ನಂದ ಯಕ್ಕಾ. ಒಯ್ದು ಕೆಸರಾಗ ಹಾಕಿ ಬಾಣಂತನ ಮಾಡಿದವರು ಯಾರ್ರಿ?"

ಅವ್ವ ಬಸಿಯ ನೀರನ್ನು ಬಿಸಿಲಿಗೆ ಕಾದ ಕಲ್ಲಿನ ಮೇಲೆ ಚೆಲ್ಲಿದಳು.

"ನಿಮ್ಮ ಅಣ್ಣಗ ಫೋನ್ ಮಾಡು ತಂಗಿ. ಗಾಡಿ ತರಬ್ಯಾಡ ಅನ್ನು."

"ಯಾಕ ಅಂತ ಕೇಳಿದ್ರ ಏನ್ ಹೇಳ್ಲಿ?"

"ನುಸಿ ಹಡದಾಕಿ ಸಿಕ್ಕಾಳ ಅಂತ ಹೇಳು."

ಗೋಡೆಯ ಆಚೆ ನಗು ಶುರುವಾಯಿತು, ಈಚೆಗೂ ಬಂತು. ಮಧ್ಯಾಹ್ನ ಬಚ್ಚಲ ನೀರಿಗೆ ಪೈಪು ಹಾಕಿ ಓಣಿಯ ಗಟಾರಕ್ಕೆ ಬಿಟ್ಟೆವು. ಬಾಳೆಗೆ ಈಗ ಅವ್ವ ತಂಬಿಗೆಯಲ್ಲಿ ಅಳೆದು ನೀರು ಹಾಕುತ್ತಾಳೆ, ಬುಡ ಒಣಗಲು ಬಿಟ್ಟು ಮತ್ತೆ ಹಾಕುತ್ತಾಳೆ. ಉಳಿದ ಸೆಗಣಿ ಕುಳ್ಳಾಗಲು ಗೋಡೆ ದಾಟಿ ವಾಪಸ್ ಹೋಗುತ್ತದೆ. ಕಟ್ಟೆಯ ಮೇಲೆ ಮತ್ತೆ ಇಬ್ಬರ ಚಹಾ ನಡೆಯುತ್ತಿದೆ.

ನುಸಿ ಪೂರಾ ಹೋಗಿಲ್ಲ, ಕಡಿಮೆಯಾಗಿದೆ. ಗಾಳಿಯಿಲ್ಲದ ಸಂಜೆ ಒಂದೆರಡು ಕಚ್ಚಿದರೆ ಅವ್ವ ಸೆರಗಿನಿಂದ ಪಾದ ಮುಚ್ಚಿಕೊಳ್ಳುತ್ತಾಳೆ.

"ಇವು ನಮ್ಮವಲ್ಲ," ಎನ್ನುತ್ತಾಳೆ. "ಆಚಿ ಓಣಿಯವು."

ಪಕ್ಕದಾಕೆ ಹೌದೆಂದು ತಲೆಯಾಡಿಸುತ್ತಾಳೆ. ಮೂರನೆಯ ಬೋಗುಣಿ ನಾನಿನ್ನೂ ತಂದಿಲ್ಲ.