ಸದಸ್ಯರನ್ನು ಲೈನಿಗೆ ಕರೆಯಿರಿ

ಕಾರು ನನ್ನದು. ನನ್ನ ಸಂಬಳದಲ್ಲಿ ಕೊಂಡದ್ದು, ನನ್ನ ಹೆಸರಿನಲ್ಲಿರುವುದು. ಕಲಬುರಗಿಯ ಮನೆಯಿಂದ ಕಮಲಾಪುರದ ಕಾಲೇಜಿಗೆ ದಿನಾ ಅದನ್ನು ಓಡಿಸುವವಳೂ ನಾನೇ. ಆದರೆ ದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳಿಗೆ ನೆರವಾಗುವ ಕ್ಲಬ್ಬೊಂದಿದೆಯಲ್ಲ, ಅದರ ಸದಸ್ಯರು ಮಾತ್ರ ನನ್ನ ಗಂಡ. ಅವರಿಗೆ ಕಾರು ಓಡಿಸಲು ಬರುವುದಿಲ್ಲ. ಸ್ಟೇಶನ್ ಬಜಾರದ ತಮ್ಮ ಬಟ್ಟೆ ಅಂಗಡಿಗೆ ಸ್ಕೂಟರಿನಲ್ಲಿ ಹೋಗುತ್ತಾರೆ. ಕಾರು ಕೊಂಡ ದಿನ ಶೋರೂಮಿನವನು ಕ್ಲಬ್ಬಿನ ಅರ್ಜಿಯಲ್ಲಿ ಜೊತೆಗಿದ್ದ ಗಂಡಸಿನ ಹೆಸರು ಕೇಳಿ ಬರೆದುಕೊಂಡಿದ್ದ. ಆಗ ನಾನು ಪಕ್ಕದಲ್ಲಿದ್ದೆನೋ, ಸೀಟಿನ ಕವರು ಆರಿಸುತ್ತಿದ್ದೆನೋ, ನೆನಪಿಲ್ಲ. ಇದ್ದೂ ಸುಮ್ಮನಿದ್ದೆನೇನೋ ಎಂಬ ಅನುಮಾನವಿದೆ.

ಮಹಾಗಾಂವದ ಹತ್ತಿರ ಟೈರು ಪಂಕ್ಚರ್ ಆದ ದಿನ ಈ ಕ್ಲಬ್ಬಿನ ಯೋಗ್ಯತೆ ತಿಳಿಯಿತು. ಫೋನು ಮಾಡಿದರೆ, ಹತ್ತಿರದ ಗುರುತು ಹೇಳಿ ಎಂದರು. ತೊಗರಿ ಹೊಲ ಎಂದೆ. ಹೊಲದ ಪಿನ್‌ಕೋಡ್ ಕೇಳಿದರು. ಆಮೇಲೆ, ನೀವು ಸದಸ್ಯರಲ್ಲ, ಸದಸ್ಯರಿಗೆ ಫೋನು ಕೊಡಿ ಎಂದರು. ಸದಸ್ಯರು ಕಲಬುರಗಿಯಲ್ಲಿ ಯಾರಿಗೋ ಲಂಗದ ಬಟ್ಟೆ ಅಳೆದು ಕೊಡುತ್ತಿದ್ದರು. ನೆರವಿಗೆ ಯಾರೂ ಬರಲಿಲ್ಲ. ಮನೆ ಸೇರುವಾಗ ಸಂಜೆಯಾಗಿತ್ತು.

ನಾನೊಬ್ಬಳೇ ಗಾಡಿ ಓಡಿಸಲು ಅತ್ತೆ ಒಪ್ಪಿದ್ದೇ ಆ ಕ್ಲಬ್ಬನ್ನು ನಂಬಿ. ಅವರು ಬರಲಿಲ್ಲ ಎಂದು ತಿಳಿದದ್ದೇ ತಡ, ಕಾರಿನ ಕೀಲಿಕೈ ಅತ್ತೆಯ ಅಡಿಕೆ ಚಂಚಿಯೊಳಗೆ ಹೋಯಿತು. "ಕ್ಲಬ್ಬಿನ್ಯಾಗ ನಿನ್ನ ಹೆಸರು ಹಾಕಿಸ್ಕೋ, ಆಮ್ಯಾಲ ಕೀಲಿ ಒಯ್ಯಿ," ಎಂದರು. ಕಾಲೇಜಿನಲ್ಲಿ ನಾಗರಿಕ ಹಕ್ಕುಗಳ ಪಾಠ ಮಾಡುವ ನಾನು ಮರುದಿನದಿಂದ ಬಸ್ಸಿನ ಕಂಬಿ ಹಿಡಿದು ನಿಂತೆ.

ಒಂದು ಭಾನುವಾರ ಮಧ್ಯಾಹ್ನ, ಹೆಸರು ಬದಲಾಯಿಸಲೆಂದು ಕ್ಲಬ್ಬಿಗೆ ಫೋನು ಹಚ್ಚಿದೆ. ಸ್ಪೀಕರ್ ಹಾಕಿಸಿ ಅತ್ತೆ ಎದುರಿಗೇ ಕುಳಿತರು. ಒಂದು ಒತ್ತಿ, ಎರಡು ಒತ್ತಿ, ಆಮೇಲೆ ಸಂಗೀತ. ನಡುನಡುವೆ, ನಿಮ್ಮ ಕರೆ ನಮಗೆ ಬಹಳ ಮುಖ್ಯ ಎನ್ನುವ ಧ್ವನಿಮುದ್ರಿತ ಹೆಣ್ಣುದನಿ.

"ಇಕಿ ಉಸಿರು ತಗೊಳ್ಳಂಗಿಲ್ಲೇನು?" ಎಂದರು ಅತ್ತೆ.

ಕೊನೆಗೆ ಜೇನಿನಂಥ ದನಿಯ ಹುಡುಗಿಯೊಬ್ಬಳು ಬಂದಳು. ಜೇನು ನಾನು ಆಮೇಲೆ ಸೇರಿಸಿದ್ದಿರಬಹುದು. ಸಿಟ್ಟಿನಲ್ಲಿ ನೆನೆದದ್ದಕ್ಕೆಲ್ಲ ಹೀಗೆ ಬಣ್ಣ ಹತ್ತುತ್ತದೆ.

"ಮೇಡಂ, ಹೆಸರು ಬದಲಾವಣೆಗೆ ಸದಸ್ಯರೇ ಮಾತನಾಡಬೇಕು. ಸರ್ ಇದ್ದಾರಾ?"

"ಗಾಡಿ ನನ್ನ ಹೆಸರಿನ್ಯಾಗ ಅದರಿ."

"ಖಂಡಿತ ಮೇಡಂ. ಸರ್ ಇದ್ದಾರಾ?"

ಸರ್ ಮಲಗಿದ್ದಲ್ಲಿಂದ ಎದ್ದು ಬಂದರು. ಮಾತನಾಡುತ್ತಿರುವವರು ನಿಜವಾದ ಸದಸ್ಯರೇ ಎಂದು ಖಚಿತಪಡಿಸಿಕೊಳ್ಳಲು ಹುಡುಗಿ ಪ್ರಶ್ನೆ ಶುರು ಮಾಡಿದಳು. ಗಾಡಿಯ ನಂಬರು ಎಷ್ಟು? ಗಂಡ ನನ್ನ ಮುಖ ನೋಡಿದರು. ನಾನು ಪಿಸುಗುಟ್ಟಿದೆ.

"ಸರ್, ಹಿಂದಿನಿಂದ ಯಾರೂ ಹೇಳಿಕೊಡಬಾರದು. ಪೆಟ್ರೋಲಾ, ಡೀಸೆಲ್ಲಾ?"

"ಅದೆಲ್ಲಾ ಇಕಿನೇ ಹಾಕಸ್ತಾಳ್ರಿ."

"ಬಣ್ಣ, ಸರ್?"

"ಬೆಳ್ಳಗ ಅದರಿ," ಎಂದರು, ಗೆದ್ದವರ ಹಾಗೆ. ಕಾರು ಬೂದು ಬಣ್ಣದ್ದು. ನಾನು ದುರುಗುಟ್ಟಿದ್ದಕ್ಕೆ, "ಧೂಳು ಕೂತಾಗ ಹಂಗ ಕಾಣ್ತದ," ಎಂದರು.

"ಕ್ಷಮಿಸಿ ಸರ್, ನೀವು ಸದಸ್ಯರೆಂದು ದೃಢಪಡುತ್ತಿಲ್ಲ. ಇನ್ನೇನಾದರೂ ಸಹಾಯ ಬೇಕಿತ್ತಾ?"

ಫೋನು ಕಟ್ಟಾಯಿತು. ಓಡಿಸುವವಳು ಸದಸ್ಯೆಯಲ್ಲ, ಸದಸ್ಯರು ತಾವು ಸದಸ್ಯರೆಂದು ಸಾಬೀತು ಮಾಡಲಾರರು. ರಸ್ತೆ, ಗಾಡಿ, ಟೈರು ಯಾವುದೂ ಇಲ್ಲದಿದ್ದರೂ ಈ ಕ್ಲಬ್ಬು ಸೊಗಸಾಗಿ ನಡೆದೀತು. ಅಷ್ಟರಲ್ಲಿ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಗಂಡನ ಮೊಬೈಲಿಗೆ ಸಂದೇಶ ಬಂತು. ಅವರು ಐದೂ ಒತ್ತಿದರು.

"ಪಾಪ, ಹುಡುಗಿ ಛಂದ ಮಾತಾಡಿದ್ಲು."

ಅತ್ತೆ ನಕ್ಕರು. ಅದು ಕೆಮ್ಮು ಎಂದು ಗಂಡ ಈಗಲೂ ವಾದಿಸುತ್ತಾರೆ.

"ಇಂಥವ್ರ ಭರೋಸಾದ ಮ್ಯಾಲ ನಿನ್ನ ಕಳಸ್ತಿದ್ದೆ ನೋಡು ನಾ. ಮತ್ತ ಅವತ್ತು ಗಾಲಿ ಯಾರು ಹಾಕಿದ್ರು?"

"ನಾನೇ ಹಾಕೀನ್ರಿ ಅತ್ತಿ. ಡಿಕ್ಕಿಯೊಳಗ ಸ್ಟೆಪ್ನಿ ಇತ್ತಲ್ಲ."

"ನೀನಾ? ಹೇಳೇ ಇಲ್ಲಲ್ಲ."

ಹೇಳಿದ್ದೆ ಎಂದೇ ನಾನು ನಂಬಿದ್ದೆ. ಕಪ್ಪಾದ ಕೈ ತೊಳೆಯುತ್ತ ಎಲ್ಲವನ್ನೂ ಹೇಳಿದ ಚಿತ್ರ ಇಂದಿಗೂ ಕಣ್ಣೆದುರಿಗಿದೆ. ಗಂಡ ಅದನ್ನು ಒಪ್ಪಲಿಲ್ಲ.

"ಅವತ್ತು ನೀ ಊಟ ಮುಗಿಯೋತನಕ ಕ್ಲಬ್ಬಿನವ್ರಿಗೇ ಬೈದಿ. ಗಾಲಿ ಸುದ್ದಿ ಬರಲೇ ಇಲ್ಲ."

ಇರಬಹುದು. ಬಯ್ಯುವುದು ಅಷ್ಟು ರುಚಿಯಾಗಿತ್ತು. ಕಾರಿನ ಕೈಪಿಡಿ ಓದಿಕೊಂಡು, ಜಾಕು ಏರಿಸಿ, ನಟ್ಟು ಬಿಗಿದ ಹೆಂಗಸನ್ನು ನಾನೇ ಕತೆಯಿಂದ ಬಿಟ್ಟುಬಿಟ್ಟಿದ್ದೆ.

ಅತ್ತೆ ಚಂಚಿ ಬಿಚ್ಚಿದರು. ಕೀಲಿಕೈಗೆ ಅಂಟಿದ್ದ ಅಡಿಕೆ ಚೂರು ಕೊಡವಿ ನನ್ನ ಮುಂದಿಟ್ಟರು.

"ನಾಳಿ ಬರೂ ಮುಂದ ಕಮಲಾಪುರದ ಕೆಂಪು ಬಾಳಿಹಣ್ಣು ತಗೊಂಬಾ. ಬಸ್ಸಿನ್ಯಾಗ ತಂದಿದ್ದೆಲ್ಲಾ ನುಜ್ಜುಗುಜ್ಜಾಗಿದ್ವು."