ಕಾವೇರಿ ಕಾಯ್ದ ನಕಾಶೆಗಳು

ಉಣಕಲ್ಲಿನ ಬೀರಲಿಂಗಪ್ಪನ ಮಗಳು ಕಾವೇರಿಯ ಅಕ್ಷರಗಳು ದುಂಡಗಿದ್ದವು. ಅವಳಿಗೆ ನೌಕರಿ ಸಿಕ್ಕಿದ್ದೂ ಅದರಿಂದಲೇ. ಐಟಿಐ ಮುಗಿಸಿದ ವರ್ಷ, ೧೯೯೧ರಲ್ಲಿ, ಹುಬ್ಬಳ್ಳಿಯ ದೇಶಪಾಂಡೆ ನಗರದ ಒಬ್ಬ ಕಟ್ಟಡ ಕಂತ್ರಾಟದಾರರ ಆಫೀಸಿನಲ್ಲಿ ಟ್ರೇಸರ್ ಆಗಿ ಸೇರಿದಳು. ಎಂಜಿನಿಯರು ಪೆನ್ಸಿಲ್ಲಿನಲ್ಲಿ ಹಾಕಿದ ನಕಾಶೆಯ ಮೇಲೆ ತೆಳುವಾದ ಟ್ರೇಸಿಂಗ್ ಕಾಗದ ಹಾಸಿ, ಇಂಕಿನ ಪೆನ್ನಿನಿಂದ ಗೆರೆಯ ಮೇಲೆ ಗೆರೆ ಎಳೆಯುವುದು ಅವಳ ಕೆಲಸ. ತಪ್ಪಿದರೆ ಬ್ಲೇಡಿನ ಮೊನೆಯಿಂದ ಇಂಕನ್ನು ಕೆರೆದು ತೆಗೆದು, ಆ ಜಾಗವನ್ನು ಉಗುರಿನಿಂದ ತೀಡಿ ನುಣುಪು ಮಾಡಬೇಕು. ಪಕ್ಕದ ಮೇಜಿನಲ್ಲಿ ಗೀತಾಂಜಲಿ ಎಂಬ ಇನ್ನೊಬ್ಬ ಹುಡುಗಿ ಕೂಡುತ್ತಿದ್ದಳು. ಇಬ್ಬರೂ ಬಗ್ಗಿದ ತಲೆ ಎತ್ತದೆ ಇಡೀ ದಿನ ಮಾತಾಡುತ್ತಿದ್ದರು.

ಕಂಪ್ಯೂಟರ್ ಬಂದ ಮೇಲೆ ಆ ಮಾತು ನಿಂತಿತು. ನಕಾಶೆಯನ್ನು ಯಂತ್ರವೇ ಎಳೆಯತೊಡಗಿತು. ಗೀತಾಂಜಲಿ ಮದುವೆಯಾಗಿ ಗದಗಿಗೆ ಹೋದಳು. ಕಾವೇರಿಗೆ ಹೋಗಲು ಬೇರೆ ಊರಿರಲಿಲ್ಲ. ತಾಯಿ ಮೊದಲೇ ತೀರಿಕೊಂಡಿದ್ದಳು, ತಂದೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದ. ಕನ್ಯೆ ಕೇಳಿಕೊಂಡು ಬಂದವರಿಗೆ ಅವಳು, "ಅಪ್ಪ ಏಳ್ಲಿ, ಆಮ್ಯಾಲೆ ನೋಡೂಣು" ಎನ್ನುತ್ತ ಬಂದಳು. ಬೀರಲಿಂಗಪ್ಪ ಏಳಲಿಲ್ಲ. ಅವನು ತೀರಿಕೊಳ್ಳುವ ಹೊತ್ತಿಗೆ ಕೇಳಿಕೊಂಡು ಬರುವವರೂ ನಿಂತಿದ್ದರು.

ಆಫೀಸಿನ ಸಣ್ಣ ಧಣಿ ರಾಜಶೇಖರ ಒಂದು ದಿನ ಅವಳನ್ನು ಕರೆದು, "ಇನ್ನ ಮ್ಯಾಲೆ ನಕಾಶಿ ಕೋಣಿ ನೀವು ನೋಡ್ಕೋರಿ. ಯಾವ ನಕಾಶಿ ಎಲ್ಲೆ ಹೋತು, ಯಾವುದು ತಿರುಗಿ ಬಂತು, ಅದಷ್ಟ ನಿಮ್ಮ ಕೆಲಸ" ಎಂದ.

"ಅದಷ್ಟ" ಎಂದು ಅವನು ಹೇಳಿದ್ದು ಅಷ್ಟು ಸಣ್ಣ ಕೆಲಸವಲ್ಲ. ಒಂದು ಕಟ್ಟಡ ಏಳುವ ತನಕ ಅದರ ನಕಾಶೆ ಎಷ್ಟೋ ಸಲ ಬದಲಾಗುತ್ತದೆ. ಕಿಟಕಿ ಸರಿಯುತ್ತದೆ, ಮೆಟ್ಟಿಲು ತಿರುಗುತ್ತದೆ, ಕಂಬ ದಪ್ಪವಾಗುತ್ತದೆ. ಪ್ರತಿ ಬದಲಾವಣೆಗೂ ನಕಾಶೆಯ ಮೂಲೆಯಲ್ಲಿ ಎ ಹೋಗಿ ಬಿ, ಬಿ ಹೋಗಿ ಸಿ ಬರುತ್ತದೆ. ಹೊಸದು ಸೈಟಿಗೆ ಹೋದ ದಿನವೇ ಹಳೆಯದು ತಿರುಗಿ ಬಂದು, ಅದರ ಮೇಲೆ ‘ರದ್ದು’ ಎಂಬ ಕೆಂಪು ಸಿಕ್ಕಾ ಬೀಳಬೇಕು. ಹಳೆಯ ಹಾಳೆಯೊಂದು ಯಾವನದೋ ಚೀಲದಲ್ಲಿ ಉಳಿದರೆ ಗೋಡೆಯೊಂದು ಇರಬಾರದ ಕಡೆ ಏಳುತ್ತದೆ.

ಹೀಗಾಗಿ ಕಾವೇರಿ ಉದ್ದನೆಯ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿ ಸೈಟಿನಿಂದ ಸೈಟಿಗೆ ತಿರುಗುತ್ತಿದ್ದಳು. ಅವಳನ್ನು ಕಂಡರೆ ಗೌಂಡಿಗಳಿಗೆ ಆಗುತ್ತಿರಲಿಲ್ಲ. ಕೈಗೆ ರೂಢಿಯಾದ ಹಾಳೆಯನ್ನು ಕಿತ್ತುಕೊಂಡು ಹೊಸದನ್ನು ಹಿಡಿಸುವವಳು ಯಾರಿಗೆ ಬೇಕು? "ರದ್ದಿಬಾಯಿ ಬಂದ್ಲು ನೋಡ್ರಿ" ಎಂದು ಅವಳಿಗೆ ಕೇಳುವಂತೆಯೇ ಅನ್ನುತ್ತಿದ್ದರು. ಅವಳು ಕೇಳಿಸದವಳಂತೆ ಹಾಳೆ ಎಣಿಸಿಕೊಳ್ಳುತ್ತಿದ್ದಳು. ಆಫೀಸಿನಲ್ಲೂ ನಕಾಶೆ ಬೇಕಾದವರು ಮಾತ್ರ ಅವಳ ಬಾಗಿಲಿಗೆ ಬರುತ್ತಿದ್ದರು, ಕೈಗೆ ಸಿಕ್ಕೊಡನೆ ಹೊರಟುಬಿಡುತ್ತಿದ್ದರು.

ಸತ್ತೂರಿನ ಸೈಟಿನ ಮೇಸ್ತ್ರಿ ಫಕ್ರುಸಾಬ ಮಾತ್ರ ಹಾಗಿರಲಿಲ್ಲ. ೧೯೯೯ರಲ್ಲಿ ಒಂದು ಟ್ರಸ್ಟಿನವರು ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಕಟ್ಟಿಸುತ್ತಿದ್ದರು. ಐವತ್ತು ದಾಟಿದ, ಬಿಳಿ ಗಡ್ಡದ ಫಕ್ರುಸಾಬ ಮೊದಲ ಸಲ ಕಾವೇರಿಯ ಎದುರು ಹಳೆಯ ಹಾಳೆಯನ್ನು ಬೆನ್ನ ಹಿಂದೆ ಹಿಡಿದು ನಿಂತ.

"ಕೊಡೂದಿಲ್ರಿ ಬಾಯಾರ. ಇದರ ಮ್ಯಾಲೆ ನನ್ನ ಗುರುತು ಅದಾವು. ಎಲ್ಲೆ ಬಂಡಿಗಲ್ಲು ಹತ್ತಿತು, ಎಲ್ಲೆ ಪೈಪು ಸರಿಸಿದ್ವಿ, ಎಲ್ಲಾ ಪೆನ್ಸಿಲ್‌ಲೆ ಮಾಡೇನಿ. ನಿಮ್ಮ ಹೊಸಾ ಹಾಳ್ಯಾಗ ಅದೆಲ್ಲೈತಿ?"

ಕಾವೇರಿ ಚೀಲ ಕೆಳಗಿಟ್ಟಳು. "ನಾ ಇಲ್ಲೇ ಕುಂತು ನಿಮ್ಮ ಗುರುತೆಲ್ಲಾ ಹೊಸಾದಕ್ಕ ಹಾಕಿಕೊಟ್ರ ಕೊಡ್ತೀರೇನು ಕಾಕಾ?"

ಅವನು ತಗಡಿನ ಶೆಡ್ಡಿನಲ್ಲಿ ಒಂದು ಸಿಮೆಂಟ್ ಚೀಲದ ಮೇಲೆ ಹಲಗೆ ಇಟ್ಟು ಅವಳಿಗೆ ಮೇಜು ಮಾಡಿಕೊಟ್ಟ. ಅವನು ಬೆರಳಿಟ್ಟು ತೋರಿಸಿದ, ಅವಳು ಬರೆದಳು. ಟ್ರೇಸಿಂಗ್ ನಿಂತ ಮೇಲೆ ಅವಳ ಕೈ ಗೆರೆ ಎಳೆದದ್ದು ಅಂದೇ. ಮುಂದೆ ಸತ್ತೂರಿಗೆ ಹೋದಾಗಲೆಲ್ಲ ಹಾಗೆಯೇ ನಡೆಯಿತು. ಒಳಚರಂಡಿಯ ನಕಾಶೆಯಲ್ಲಿ ಅವನು ಹೇಳಿ ಬರೆಸಿದ್ದು ಹೆಚ್ಚು, ಏಕೆಂದರೆ ಅಲ್ಲಿ ನೆಲದಡಿ ಬಂಡೆ ಸಿಕ್ಕು ಕೊಳಚೆ ಕೂಡುವ ಚೇಂಬರುಗಳನ್ನು ಸರಿಸಿದ್ದರು. ಬರೆಯುತ್ತ ಅವಳು ತೀರಿಹೋದ ತಂದೆಯ ಕಾಯಿಲೆಯ ವಿಷಯ ಹೇಳುತ್ತಿದ್ದಳು, ಅವನು ಹೆಂಡತಿ ಶಹಜಹಾನಬೇಗಂ ಮಾಡುವ ಅಡುಗೆಯ ವಿಷಯ ಹೇಳುತ್ತಿದ್ದ. ವಾರದಲ್ಲಿ ಅವಳು ಯಾರೊಂದಿಗಾದರೂ ಕುಳಿತು ಆಡುತ್ತಿದ್ದ ಮಾತು ಅದೊಂದೇ.

ಹಾಸ್ಟೆಲ್ ಮುಗಿದ ಮರುವರ್ಷ ಕಂಪನಿಯ ಅಣ್ಣತಮ್ಮಂದಿರು ಬೇರೆಯಾದರು. ಆಫೀಸು ಮುಚ್ಚಿತು. ಎಂಜಿನಿಯರುಗಳು ಪುಣೆಗೆ, ಗೋವಾಕ್ಕೆ ಹೋದರು. ಫಕ್ರುಸಾಬನೂ ಗೋವಾಕ್ಕೆ ಹೋದನೆಂದು ಯಾರೋ ಹೇಳಿದರು. ಆದರೆ ಕಟ್ಟಿದ ಕಟ್ಟಡಗಳ ನಕಾಶೆಗಳನ್ನು ಇನ್ನೂ ಕೆಲವು ವರ್ಷ ಕಾಪಾಡಿ ಇಡಬೇಕೆಂದು ಕರಾರುಗಳಲ್ಲಿ ಇತ್ತು. ರಾಜಶೇಖರ ಉಣಕಲ್ಲಿನ ಆಚೆ ಒಂದು ಗೋದಾಮು ಹಿಡಿದು ಎಲ್ಲವನ್ನೂ ಅಲ್ಲಿಗೆ ಸಾಗಿಸಿದ. ಕಾಯಲು ಕಾವೇರಿಯನ್ನು ಇಟ್ಟ.

ಅವಳು ಬೆಳಿಗ್ಗೆ ಹೋಗಿ ಶಟರ್ ಎತ್ತುವಳು, ಸಂಜೆ ಇಳಿಸುವಳು. ನಡುವೆ ಸುರುಳಿಗಳನ್ನು ಒಂದೊಂದಾಗಿ ಬಿಚ್ಚಿ ಗಾಳಿಗೆ ಹರವಿ, ಗೆದ್ದಲು ಹತ್ತದಂತೆ ಬೇವಿನೆಲೆ ಮತ್ತು ಡಾಂಬರುಗುಳಿಗೆ ಇಟ್ಟು ಮತ್ತೆ ಸುತ್ತುವಳು. ಮೊದಲ ವರ್ಷ ಯಾರೋ ಒಬ್ಬಿಬ್ಬರು ನಕಾಶೆ ಕೇಳಿಕೊಂಡು ಬಂದರು. ಆಮೇಲೆ ಬರಲಿಲ್ಲ. ಗೋದಾಮಿನಲ್ಲೊಂದು ಫೋನಿತ್ತು. ಅದು ಅಪರೂಪಕ್ಕೆ ರಿಂಗಾದಾಗ "ಹಲೋ" ಎನ್ನಲು ಹೋದರೆ ಅವಳ ಗಂಟಲಿನಿಂದ ಮೊದಲು ಬರೀ ಗಾಳಿ ಬರುತ್ತಿತ್ತು. ಅವಳಿಗೆ ಅದು ಭಯ ಹುಟ್ಟಿಸಿತು. ಅಂದಿನಿಂದ ಸುರುಳಿ ಬಿಚ್ಚುವಾಗ ಅದರ ಹೆಸರನ್ನು ಗಟ್ಟಿಯಾಗಿ ಓದತೊಡಗಿದಳು. ನೆಲಮಹಡಿ, ಬಿ. ಮೆಟ್ಟಿಲು, ಸಿ. ನೀರಿನ ಟಾಕಿ, ಎ. ತಗಡಿನ ಮಾಡಿಗೆ ಬಡಿದು ಅವಳ ದನಿಯೇ ಅವಳಿಗೆ ತಿರುಗಿ ಬರುತ್ತಿತ್ತು.

೨೦೦೬ರ ಬೇಸಿಗೆಯಲ್ಲಿ ರಾಜಶೇಖರ ಫೋನು ಮಾಡಿದ. "ಕಾವೇರಿಯವರ, ಮುದತ್ತು ಮುಗೀತು. ಗೋದಾಮು ಬಿಡೂಣು. ಕಾಗದ ಎಲ್ಲಾ ರದ್ದಿಗೆ ಹಾಕಿಬಿಡ್ರಿ."

ಅವಳು ಕೇಳಿದಳು. "ಆಯಾ ಕಟ್ಟಡದವರಿಗೆ ಕೊಟ್ರ ಹೆಂಗ್ರಿ ಸರ್?"

"ಯಾರು ತಗೋತಾರ್ರಿ? ಹೂಂ, ನಿಮಗ ತಿಳಿದಂಗ ಮಾಡ್ರಿ. ತಿಂಗಳ ಕಡೀಗೆ ಕೀಲಿ ಕೊಡಬೇಕು ನೋಡ್ರಿ."

ಮರುದಿನದಿಂದ ಅವಳು ಮತ್ತೆ ಚೀಲ ಹೆಗಲಿಗೆ ಹಾಕಿದಳು. ಅಮರಗೋಳದ ಅರಳೆ ಗೋದಾಮಿನ ಸಾಹುಕಾರ, "ಕಟ್ಟಡ ನಿಂತೈತಲ್ಲವಾ ತಂಗಿ, ಇನ್ನ ಕಾಗದ ಯಾಕ?" ಎಂದು ಚಹಾ ಕುಡಿಸಿ ಕಳಿಸಿದ. ಒಂದು ಶಾಲೆಯವರು ಮೇಲಿನವರ ಪತ್ರ ತರಲು ಹೇಳಿದರು. ಒಂದು ಕಡೆ ಅವಳು ಹೊತ್ತು ತಂದ ನಕಾಶೆಯ ಕಟ್ಟಡವನ್ನೇ ಕೆಡವಿದ್ದರು. ಬರಿದಾದ ಆ ಜಾಗದ ಮುಂದೆ ಅವಳು ಸುರುಳಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಬಸ್ ಸ್ಟಾಪಿಗೆ ತಿರುಗಿದಳು.

ಸತ್ತೂರಿನ ಹಾಸ್ಟೆಲಿನಲ್ಲಿ ಮಾತ್ರ ಬೇರೆಯಾಯಿತು. ಅಲ್ಲಿನ ವಾರ್ಡನ್ ಚನ್ನಬಸವ್ವ, ಹಣೆಗೆ ವಿಭೂತಿ ಹಚ್ಚಿದ, ಅರವತ್ತರ ಆಸುಪಾಸಿನ ವಿಧವೆ. ಕಾವೇರಿ ಬಂದ ಕಾರಣ ಕೇಳಿದವಳೇ ಕೈ ಹಿಡಿದು ಒಳಗೆ ಕರೆದೊಯ್ದಳು.

"ಒಳಚರಂಡಿ ನಕಾಶಿ ಐತೇನವಾ? ಕೆಳಗಿನ ಬಚ್ಚಲದಾಗ ನೀರು ಹಿಂದಕ್ಕ ಬರತೈತಿ. ವಾಸನಿಗೆ ಹುಡುಗ್ಯಾರು ಊಟ ಬಿಟ್ಟಾರ. ಚೇಂಬರ್ ಎಲ್ಲೈತಿ ಅಂತ ಯಾರಿಗೂ ಗೊತ್ತಿಲ್ಲ. ಎರಡು ಕಡೆ ಫರಸಿಕಲ್ಲು ಒಡಿಸಿದೆ, ಸಿಗಲಿಲ್ಲ."

ಕಾವೇರಿ ನಕಾಶೆ ಬಿಚ್ಚಿದಳು. ಫಕ್ರುಸಾಬ ಹೇಳಿದ್ದು, ತಾನು ಬರೆದದ್ದು, ಎಲ್ಲ ಅಲ್ಲೇ ಇತ್ತು. ಮುಂದಿನ ಕಂಪೌಂಡ್ ಗೋಡೆಯಿಂದ ಇಷ್ಟು ಅಡಿ ಒಳಗೆ ಕೊನೆಯ ಚೇಂಬರ್. ಅವಳೇ ಟೇಪು ಹಿಡಿದು ಅಳೆದು ಸುಣ್ಣದ ಗುರುತು ಹಾಕಿಕೊಟ್ಟಳು. ಆಳುಗಳು ಮಧ್ಯಾಹ್ನದವರೆಗೆ ಅಗೆದರು. ಗಟ್ಟಿ ಮಣ್ಣಲ್ಲದೆ ಏನೂ ಸಿಗಲಿಲ್ಲ. ಚನ್ನಬಸವ್ವ ಬೈಯಲಿಲ್ಲ. "ಇರ್ಲಿ ಬಿಡವಾ, ಹಳೇ ಕಾಗದ" ಎಂದಳು. ಆ ಮಾತು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಇಷ್ಟು ವರ್ಷ ತಾನು ಕಾದದ್ದು ಸುಳ್ಳನ್ನೇ ಎಂದು ಅವಳಿಗೆ ಬಸ್ಸಿನ ದಾರಿಯುದ್ದಕ್ಕೂ ಅನ್ನಿಸಿತು.

ಕೇಳಬೇಕಾದ ಮನುಷ್ಯ ಒಬ್ಬನೇ. ಅವನು ಗೋವಾದಲ್ಲಿದ್ದಾನೆ, ಮನೆಯವರಾದರೂ ಫೋನ್ ನಂಬರು ಕೊಟ್ಟಾರು ಎಂದುಕೊಂಡು ಮರುದಿನ ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಕೇಳುತ್ತ ಹೋದಳು. ಬಾಗಿಲು ತೆರೆದವಳು ಶಹಜಹಾನಬೇಗಂ. ಅವಳ ಹಿಂದೆ ಮಂಚದ ಮೇಲೆ ಫಕ್ರುಸಾಬ ಬಾಗಿಲ ಕಡೆ ಮುಖ ಮಾಡಿ ಕುಳಿತಿದ್ದ. ಯಾರು ಬಂದರೆಂದು ಅವನ ಕಣ್ಣಿಗೆ ತಿಳಿಯಲಿಲ್ಲ.

"ಸಕ್ರಿ ಬ್ಯಾನಿ ಕಣ್ಣು ತಿಂತವಾ" ಎಂದಳು ಹೆಂಡತಿ. "ಗೋವಾಕ್ಕ ಹೋದಾವ್ರು ವರ್ಷ ತುಂಬೂದ್ರಾಗ ತಿರುಗಿ ಬಂದ್ರು. ಅವತ್ತಿಂದ ಹಿಂಗ ಕುಂತಾರ."

ಉಣಕಲ್ಲಿಗೂ ಹಳೇ ಹುಬ್ಬಳ್ಳಿಗೂ ಒಂದು ಬಸ್ಸಿನ ದಾರಿ. ತಾನು ಗೋದಾಮಿನಲ್ಲಿ ಗೋಡೆಗೆ ಓದಿ ಹೇಳುತ್ತಿದ್ದ ವರ್ಷಗಳೆಲ್ಲ ಇವನು ಇಲ್ಲಿ ಹೀಗೆ ಕುಳಿತಿದ್ದ. ಕಾವೇರಿ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದಳು.

"ಯಾರ್ರಿ?" ಎಂದ ಅವನು.

"ನಾನು ಕಾಕಾ. ನಕಾಶಿ ಆಫೀಸಿನ ಕಾವೇರಿ."

ಅವನ ಮುಖ ಅರಳಿತು. "ರದ್ದಿಬಾಯಾರ. ಬರ್ರಿ, ಬರ್ರಿ. ಈಗ ನನ್ನ ಕಡೆ ಕಸಗೊಳ್ಳಾಕ ಏನೂ ಉಳಿದಿಲ್ರಿ."

ಅವಳು ಮಂಚದ ಬದಿಯಲ್ಲಿ ಕುಳಿತು ನಕಾಶೆಯನ್ನು ತೊಡೆಯ ಮೇಲೆ ಹರವಿ, ಇದ್ದದ್ದನ್ನೆಲ್ಲ ಓದಿ ಹೇಳಿದಳು. ಅವನು ಕೇಳುತ್ತ ಗಾಳಿಯಲ್ಲಿ ಬೆರಳಾಡಿಸಿದ. ಕೊನೆಗೆ, "ಲೆಕ್ಕ ಖರೇ ಐತಿ. ಚೇಂಬರ್ ಅಲ್ಲೇ ಇರಬೇಕು. ನನ್ನ ಕರಕೊಂಡು ಹೋಗ್ರಿ" ಎಂದ. ಹೆಂಡತಿ ಬೇಡವೆಂದಳು. ಅವನು ಆಗಲೇ ಕಾಲಿನಿಂದ ಚಪ್ಪಲಿ ಹುಡುಕುತ್ತಿದ್ದ.

ಆಟೋದಲ್ಲಿ ಸತ್ತೂರು ಮುಟ್ಟಿದರು. ಗೇಟಿನ ಒಳಗೆ ಕಾವೇರಿ ಅವನ ಕೈಯನ್ನು ಕಂಪೌಂಡ್ ಗೋಡೆಗೆ ಮುಟ್ಟಿಸಿದಳು. ಅವನು ಅಂಗೈಯನ್ನು ಗೋಡೆಯ ಉದ್ದಕ್ಕೂ ಸರಿಸುತ್ತ ನಡೆದ, ಗಿಲಾವು ಬಿದ್ದ ಒಂದು ಕಡೆ ಬೆರಳು ಒಳಗೆ ತೂರಿಸಿದ, ನಿಂತ.

"ಇದು ನಾ ಕಟ್ಟಿದ ಗ್ವಾಡಿ ಅಲ್ರಿ. ನಂದು ಕಲ್ಲಿಂದು. ಇದು ಸಿಮೆಂಟ್ ಬ್ಲಾಕಿಂದು."

ಚನ್ನಬಸವ್ವ ಅಡುಗೆಯ ಮಾಳವ್ವನನ್ನು ಕರೆಸಿದಳು. ಮಾಳವ್ವ ಹಾಸ್ಟೆಲ್ ಶುರುವಾದಾಗಿನಿಂದ ಅಲ್ಲಿದ್ದವಳು. "ಹೌದ್ರಿ ಅವ್ವಾರ, ನೀವು ಬರೂಕಿಂತ ಮೊದಲ ರಸ್ತೆ ಅಗಲ ಮಾಡಿದ್ರಲ್ಲ. ಆವಾಗ ಹಳೇ ಗ್ವಾಡಿ ಕೆಡವಿ ಒಳಗ ಸರಿಸಿ ಕಟ್ಟಿದ್ರು" ಎಂದಳು.

ನೆಲದಡಿಯ ಚೇಂಬರ್ ತನ್ನ ಜಾಗ ಬಿಟ್ಟಿರಲಿಲ್ಲ, ಅಳತೆ ಹಿಡಿದ ಗೋಡೆ ಸರಿದಿತ್ತು. ಫಕ್ರುಸಾಬ ಕಟ್ಟಡದ ಮೂಲೆಗೆ ಬೆನ್ನು ಹಚ್ಚಿ ನಿಂತ. ನಕಾಶೆಯಲ್ಲಿ ಮೂಲೆಯಿಂದ ಹಳೆಯ ಗೋಡೆಗಿದ್ದ ದೂರ ಹಿಡಿದು ಲೆಕ್ಕ ಹಾಕಿ, ಕಾವೇರಿ ಟೇಪು ಹಿಡಿದು, ಹೂವಿನ ಮಡಿಯ ನಡುವೆ ಒಂದು ಗುರುತು ಹಾಕಿದರು. ಆಳುಗಳು ಅಗೆದರು. ಗುರುತಿಗಿಂತ ತುಸು ಪಕ್ಕಕ್ಕೆ ಸಲಿಕೆ ಠಣ್ ಎಂದಿತು. ಸದ್ದು ಕೇಳಿದ ಫಕ್ರುಸಾಬ ಅಲ್ಲೇ ನೆಲದ ಮೇಲೆ ಕುಳಿತ. ಅವನು ಅಳುತ್ತಿದ್ದನೋ ನಗುತ್ತಿದ್ದನೋ ಕಾವೇರಿಗೆ ತಿಳಿಯಲಿಲ್ಲ. ತೆರೆದ ಚೇಂಬರಿನ ನಾತಕ್ಕೆ ಎಲ್ಲರೂ ಸೆರಗು, ಟವೆಲ್ಲು ಮೂಗಿಗೆ ಹಿಡಿದರು. ಅವನು ಹಿಡಿಯಲಿಲ್ಲ.

ಆ ಸಂಜೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಳಿತು ಕಾವೇರಿ ನಕಾಶೆಯ ಹಳೆಯ ಅಳತೆಯನ್ನು ಒಂದೇ ಗೆರೆಯಿಂದ ಹೊಡೆದು, ಕಟ್ಟಡದ ಮೂಲೆಯಿಂದ ಹಿಡಿದ ಹೊಸ ಅಳತೆ ಬರೆದಳು. ಮೂಲೆಯಲ್ಲಿ ಸಿ ಇದ್ದಲ್ಲಿ ಡಿ ಮಾಡಿ ತಾರೀಖು ಹಾಕಿದಳು.

"ಇದಕ್ಕ ಎಂಜಿನಿಯರ್ ಸಹಿ ಬೇಕಲ್ಲ ಕಾಕಾ?" ಎಂದಳು.

"ಯಾವ ಎಂಜಿನಿಯರ್ ಅದಾನ್ರಿ ಈಗ? ಇಲ್ಲೆ ಕೊಡ್ರಿ."

ಅವಳು ಪೆನ್ನನ್ನು ಅವನ ಕೈಯಲ್ಲಿಟ್ಟು, ಬೆರಳನ್ನು ಜಾಗಕ್ಕೆ ಕೂಡಿಸಿದಳು. ಉರ್ದುವಿನಲ್ಲಿ ಅವನ ಸಹಿ ಬಲದಿಂದ ಎಡಕ್ಕೆ ಹೊರಟು ಗೆರೆ ದಾಟಿ ಮೇಲಕ್ಕೆ ಹತ್ತಿತು. ಅವಳು ಅದನ್ನು ಹಾಗೆಯೇ ಬಿಟ್ಟಳು.

ಉಳಿದ ಸುರುಳಿಗಳನ್ನು ತಿಂಗಳ ಕೊನೆಗೆ ರದ್ದಿಯವನ ಗಾಡಿಗೆ ಅವಳೇ ಎತ್ತಿಕೊಟ್ಟಳು. ಕೀಲಿ ಕೊಡಲು ಹೋದಾಗ ರಾಜಶೇಖರ ಊರಲ್ಲಿರಲಿಲ್ಲ. ಅವನ ಮನೆಯ ಆಳಿನ ಕೈಯಲ್ಲಿಟ್ಟು ಬಂದಳು.

ಚನ್ನಬಸವ್ವ ಅವಳನ್ನು ಬಿಡಲಿಲ್ಲ. ಹಾಸ್ಟೆಲಿನ ಆಫೀಸು ನೋಡಿಕೊಳ್ಳಲು ಇಟ್ಟುಕೊಂಡು ಇರಲು ಒಂದು ಕೋಣೆ ಕೊಟ್ಟಳು. ಕಾವೇರಿ ಉಣಕಲ್ಲಿನ ಬಾಡಿಗೆ ಮನೆ ಬಿಟ್ಟಳು. ಭಾನುವಾರಗಳಲ್ಲಿ ಹಳೇ ಹುಬ್ಬಳ್ಳಿಗೆ ಹೋಗಿ ಫಕ್ರುಸಾಬನಿಗೆ ದಿನಪತ್ರಿಕೆ ಓದಿ ಹೇಳಿ ಬರುತ್ತಿದ್ದಳು. ಅವನು ಸುದ್ದಿಗಿಂತ ಟೆಂಡರಿನ ಜಾಹೀರಾತುಗಳನ್ನೇ ಹೆಚ್ಚು ಕೇಳುತ್ತಿದ್ದ.

ಮಳೆಗಾಲ ಕಳೆದು ದಸರೆಯ ಸೂಟಿ ಬಂತು. ಸೂಟಿ ಮುಗಿಸಿ ಹುಡುಗಿಯರು ತಿರುಗಿ ಬಂದ ಭಾನುವಾರ ಅವಳು ಹೋದಾಗ ಆ ಮನೆಗೆ ಕೀಲಿ ಬಿದ್ದಿತ್ತು. ಪಕ್ಕದ ಮನೆಯ ನೂರಜಹಾನ ಹೊರಗೆ ಬಂದು, ಸೊಲ್ಲಾಪುರದ ಮಗ ಬಂದು ಇಬ್ಬರನ್ನೂ ಕರೆದುಕೊಂಡು ಹೋದನೆಂದಳು. ವಿಳಾಸ ಅವಳಿಗೆ ಗೊತ್ತಿರಲಿಲ್ಲ. "ಹೋಗೂ ಮುಂದ ನಿಮ್ಮ ಹೆಸರು ತಗದಿದ್ರು. ಆದ್ರ ಮಗನಿಗೆ ಗಾಡಿ ಹಿಡಿಯೂ ಅವಸರ, ಸತ್ತೂರಿಗೆ ಹೇಳಿ ಕಳಿಸಾಕ ಹೊತ್ತು ಸಿಗಲಿಲ್ಲ" ಎಂದು ನೀರು ತಂದುಕೊಟ್ಟಳು. ಕಾವೇರಿ ನೀರು ಕುಡಿದು ಲೋಟವನ್ನು ಕಟ್ಟೆಯ ಮೇಲಿಟ್ಟಳು. ಕೈಯಲ್ಲಿದ್ದ ಪತ್ರಿಕೆಯನ್ನು ನೂರಜಹಾನಳಿಗೆ ಕೊಟ್ಟಳು.

ಹಾಸ್ಟೆಲಿಗೆ ಬರುವಷ್ಟರಲ್ಲಿ ಊಟದ ಗಂಟೆ ಆಗಿತ್ತು. ಸಾಲಿನಲ್ಲಿ ಖಾಲಿ ಇದ್ದ ಕಡೆ ಅವಳೂ ಕುಳಿತಳು. ಹುಡುಗಿಯರು ಪರೀಕ್ಷೆಯ ಮಾತಾಡುತ್ತಿದ್ದರು. ಪಕ್ಕದವಳು, "ಅಕ್ಕಾರ, ಪಲ್ಯ ಇತ್ತಾಗ ಸರಸ್ರಿ" ಎಂದಳು. ಕಾವೇರಿ ಪಾತ್ರೆಯನ್ನು ಅವಳ ಕಡೆ ಸರಿಸಿ ರೊಟ್ಟಿ ಮುರಿದಳು.