ಸರದಿ ತಪ್ಪಿದ ಐದು

ಗೆಳೆಯರೇ, ಈ ಕಾರ್ಡನ್ನು ಕಾಫಿ ಕ್ಲಬ್ಬಿನಲ್ಲಿ ಎಲ್ಲರೂ ಓದಿ ನಗಿ. ಇವತ್ತು ಸಂಜೆ ಮಿರ್ಲೆಯ ವಯಸ್ಕರ ಪಾಠದಲ್ಲಿ ಜಂಬ ಕೊಚ್ಚಿದೆ: "೧೪೨೮೫೭ನ್ನ ಎರಡರಿಂದ ಆರರವರೆಗೆ ಯಾವುದರಿಂದ ಗುಣಿಸಿದ್ರೂ ಇವೇ ಅಂಕಿ, ಇದೇ ಸರದೀಲಿ ಸುತ್ತುತ್ವೆ. ತಪ್ಪಿದ್ರೆ ಮೀಸೆ ಬೋಳಿಸ್ತೀನಿ."

ಎರಡರಿಂದ ಗುಣಿಸಿ ಒಂದೊಂದೇ ಅಂಕಿ ಓದಿ ಹೇಳಿದೆ, ೨೮೫೭೧೪. ಸರಿಹೋಯಿತು. ಐದರಿಂದ ಗುಣಿಸಿ "ಏಳು, ಒಂದು, ನಾಲ್ಕು, ಎರಡು, ಐದು, ಎಂಟು" ಎಂದು ಓದಿದೆ.

ಗದ್ದೆಗಳಿಗೆ ಸರದಿಯಂತೆ ಕಾಲುವೆ ನೀರು ಬಿಡುವ ನೀರುಗಂಟಿ ಕೆಂಚಯ್ಯ ಎದ್ದು ನಿಂತರು. ಅವರಿಗಿನ್ನೂ ಅಂಕಿ ಓದಲು ಬಾರದು.

"ಎರಡಾದ್ಮೇಲೆ ಎಂಟರ ಸರದಿ ಮೇಷ್ಟ್ರೇ. ನಿಮ್ ಐದು ಬದ ಒಡ್ಕಂಡು ನುಗ್ಬುಟ್ಟದೆ ಕಣ್ರೀ!"

ಮತ್ತೆ ಗುಣಿಸಿದರೆ ೭೧೪೨೮೫. ಅವರು ಹೇಳಿದ್ದೇ ಸರಿ. ಮಾನ ಉಳಿಸಿಕೊಳ್ಳಲು ಏಳರಿಂದ ಗುಣಿಸಿದೆ. ಆರು ಕಡೆಯೂ ಒಂಬತ್ತೇ ಬಂತು, ಈ ಸಲ ಲೆಕ್ಕ ಸರಿಯಾಗಿಯೇ ಇತ್ತು.

ಕೆಂಚಯ್ಯ ಅಡ್ಡಡ್ಡ ತಲೆಯಾಡಿಸಿದರು. "ಎಲ್ರ ಗದ್ದೆಗೂ ಒಂದೇ ಸಮ ನೀರಾ? ಇನ್ನೊಂದ್ಸಲ ನೋಡ್ಬುಡಿ, ಇದೂ ತಪ್ಪೇ ಇರ್ಬೇಕು."